ಕೊಡಬೇಕಾದ ಪಟಗಳು

ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಕ್ಯಾಮೆರಾದ ಕಾರ್ಡನ್ನು ಅವರ ಮಗ ಖಾಲಿ ಮಾಡಿದ. ನಡೆದದ್ದು ಇಷ್ಟೇ. ಇದಕ್ಕಾಗಿ ಅಪ್ಪ ಮಗ ಸಂಕ್ರಾಂತಿಯಿಂದ ಯುಗಾದಿವರೆಗೆ ಮಾತು ಬಿಟ್ಟರು. ಇಬ್ಬರೂ ನನಗೆ ಬೇಕಾದವರು, ಇಬ್ಬರೂ ತಮ್ಮ ತಮ್ಮ ಪಕ್ಷವನ್ನು ನನ್ನೆದುರು ಹೇಳಿಕೊಂಡಿದ್ದಾರೆ. ಮಗನದು ಏನು ಮಹಾ ತಪ್ಪು ಎಂದು ಊರವರು ಕೇಳುತ್ತಾರೆ. ತಪ್ಪು ಇದೆ ಎಂದೇ ನನ್ನ ಅಭಿಪ್ರಾಯ. ಆದರೆ ಮೇಷ್ಟ್ರು ಯಾವುದಕ್ಕೆ ಬೈದರೋ ಅದರಲ್ಲಿ ಇಲ್ಲ.

2009ರ ಸುಮಾರಿಗೆ ನಿವೃತ್ತಿಯ ಹಣದಲ್ಲಿ ಮೇಷ್ಟ್ರು ಕೊಂಡದ್ದು ಎರಡು ಪೆನ್ ಸೆಲ್ ಹಾಕುವ ಕ್ಯಾನನ್ ಪವರ್‌ಶಾಟ್. ಅಂಗಿಯ ಜೇಬಿಗೆ ಇಳಿಯುವಷ್ಟು ಚಿಕ್ಕದು. ಅಂಗಡಿಯ ಮಾಮೂಲಿ ಸೆಲ್ ಬೇಗ ಕೈಕೊಡುತ್ತದೆಂದು ಗೊತ್ತಾದ ಮೇಲೆ ಚಾರ್ಜ್ ಮಾಡುವ ಸೆಲ್ ತರಿಸಿಕೊಂಡರು. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಜೂನ್ ಬಂತೆಂದರೆ ಸೆಲ್ ತೆಗೆದು, ಔಷಧಿ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಪೊಟ್ಟಣಗಳ ಜೊತೆ ಕ್ಯಾಮೆರಾವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ, ಅಡುಗೆಮನೆಯ ಒಲೆ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ದೀಪಾವಳಿಗೆ ಇಳಿಸುತ್ತಿದ್ದರು. ಆ ಕಾಲದಲ್ಲಿ ಇಂಥ ಕ್ಯಾಮೆರಾ ಎಷ್ಟೋ ಮನೆಗಳಲ್ಲಿತ್ತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿ, ಅದರಲ್ಲಿ 10 ಕೋಟಿಗೂ ಹೆಚ್ಚು ಲೆನ್ಸ್ ಬದಲಿಸಲಾಗದ ಇಂಥವೇ. 2023ಕ್ಕೆ ಇವುಗಳ ಸಂಖ್ಯೆ 20 ಲಕ್ಷದೊಳಗೆ ಇಳಿದಿತ್ತು. ಎಲ್ಲರ ಕೈಗೂ ಫೋನು ಬಂದಿತ್ತಲ್ಲ. ಮೇಷ್ಟ್ರು ಮಾತ್ರ ತಮ್ಮದನ್ನು ಬಿಡಲಿಲ್ಲ.

ಅವರು ಸೂರ್ಯಾಸ್ತದ ಪಟ ತೆಗೆದವರಲ್ಲ. ಬಸ್ಸಿಗೆ ಕಾದವರು, ಹಾಲು ಹಾಕಲು ಡೈರಿಗೆ ಬಂದವರು, ಶಾಲೆಯ ಕಟ್ಟೆಯ ಮೇಲೆ ಕೂತ ಮಕ್ಕಳು, ಕೊನೆ ಕೊಯ್ಯುವ ಹುಡುಗರು. ಎಲ್ಲಕ್ಕಿಂತ ಹೆಚ್ಚಾಗಿ, ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು. ತೆಗೆದ ಕೂಡಲೇ ಹಿಂದಿನ ಪರದೆಯಲ್ಲಿ ಅವರಿಗೆ ತೋರಿಸುತ್ತಿದ್ದರು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಪಟದ ನಂಬರು, ಅದರಲ್ಲಿರುವವರ ಹೆಸರು ಬರೆಯುತ್ತಿದ್ದರು. ಸಾಗರಕ್ಕೆ ಹೋದಾಗ ಸ್ಟುಡಿಯೋದಲ್ಲಿ ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟ್ ಹಾಕಿಸಿ ತಂದು, ಅವರವರ ಮನೆಗೆ ಕೊಟ್ಟು, ಹೆಸರಿನ ಮುಂದೆ ‘ಕೊಟ್ಟಿದೆ’ ಎಂದು ಬರೆಯುತ್ತಿದ್ದರು. ಹಣ ಇಸಕೊಳ್ಳುತ್ತಿರಲಿಲ್ಲ. ಆ ಪ್ರಿಂಟುಗಳು ಈಗಲೂ ಕೆಲವು ಮನೆಗಳಲ್ಲಿ ದೇವರ ಪಟದ ಅಂಚಿಗೆ ಸಿಕ್ಕಿಸಿಕೊಂಡಿವೆ, ಕೆಲವು ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇವೆ.

ಆ ಪರದೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ಅದು ಮೂರೂವರೆ ಕಿಲೋಗೂ ಮಿಕ್ಕ ತೂಕದ ಪೆಟ್ಟಿಗೆ. ಒಂದು ಕಪ್ಪುಬಿಳುಪು ಚಿತ್ರ ಕ್ಯಾಸೆಟ್ಟಿನ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡ್ ಹಿಡಿಯುತ್ತಿತ್ತು. ನೋಡಲು ಟಿವಿ ಬೇಕಿತ್ತು. ತಮ್ಮ ಪಟವನ್ನು ಟಿವಿಯಲ್ಲಿ ನೋಡಲು ಯಾರು ಬಯಸುತ್ತಾರೆ ಎಂದು ಕಂಪನಿಯ ಮೇಲಧಿಕಾರಿಗಳು ಕೇಳಿದರಂತೆ. ಪಟ ಅಂದರೆ ಕೈಯಲ್ಲಿ ಹಿಡಿಯುವ ಕಾಗದ ಎಂದು ನಂಬಿ ಬಾಳಿದ ಕಂಪನಿ ಅದು. 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅವರ ಆ ನಂಬಿಕೆಯಲ್ಲಿ ಹುರುಳಿತ್ತು ಎಂದೇ ನಾನು ಎಣಿಸುತ್ತೇನೆ. ಪರದೆ ಕಾಗದದ ಜಾಗವನ್ನು ಕಿತ್ತುಕೊಂಡಿತು, ನಿಜ. ಆದರೆ ಇನ್ನೊಂದು ದೊಡ್ಡ ಉಪಕಾರವನ್ನೂ ಮಾಡಿತು. 36 ಪಟಗಳ ರೀಲು ಮುಗಿದು, ತೊಳೆದು ಬರುವ ತನಕ ತಮ್ಮ ಮುಖ ಹೇಗೆ ಬಂದಿದೆಯೆಂದು ಪಟದಲ್ಲಿರುವವರಿಗೆ ಗೊತ್ತಾಗುತ್ತಿರಲಿಲ್ಲ. ಬೇಡ ಎನ್ನುವ ಅವಕಾಶವೇ ಇರಲಿಲ್ಲ. ಈ ಚಿಕ್ಕ ಪರದೆ ಆ ಅವಕಾಶ ಕೊಟ್ಟಿತು. ಒಬ್ಬ ಹೆಂಗಸು ತನ್ನ ಪಟ ನೋಡಿ, ‘ಇದು ಬ್ಯಾಡ ಮೇಷ್ಟ್ರೇ, ಸೆರಗು ಜಾರಿದ್ದದೆ, ತೆಗೀರಿ’ ಎಂದಳು. ಮೇಷ್ಟ್ರು ಅವಳ ಕಣ್ಣೆದುರೇ ಅಳಿಸಿ, ಹಿಂದೆ ಮುಂದೆ ಸರಿಸಿ ತೋರಿಸಿ, ಇಲ್ಲ ಎಂದು ಖಾತ್ರಿ ಮಾಡಿಕೊಟ್ಟರು. ಹೀಗೆ ಕೇಳಿದವರು ಬೇರೆಯವರೂ ಇದ್ದರು.

ಈಗ ಪ್ರಕರಣಕ್ಕೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಸಂಕ್ರಾಂತಿಗೆ ಊರಿಗೆ ಬಂದ. ಕಾರ್ಡ್ ತುಂಬಿದೆ ಎಂದು ಅಪ್ಪ ಹೇಳಿದ್ದನ್ನು ನೆನಪಿಟ್ಟುಕೊಂಡು, ಅಪ್ಪ ತೋಟಕ್ಕೆ ಹೋದ ಹೊತ್ತಿನಲ್ಲಿ ಪಟಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ನೋಡಿ, ಚೆನ್ನಾಗಿರುವುದನ್ನು ಆರಿಸಿ ಇಳಿಸಿಕೊಂಡು, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದ. ಅವನು ಉಳಿಸಿದ್ದು ತೇರಿನ ಪಟಗಳು, ಅಕ್ಕನ ಮಕ್ಕಳು, ತೋಟದ ಹಸಿರು. ಬಿಟ್ಟದ್ದು ಹೆಚ್ಚಾಗಿ ರಾತ್ರಿಯ ಪಟಗಳು. ಅವು ಚೆನ್ನಾಗಿರಲಿಲ್ಲ ಎಂಬ ಅವನ ಮಾತು ಸುಳ್ಳಲ್ಲ. ಇಂಥ ಕ್ಯಾಮೆರಾದ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು, ಬೆಳಕು ಕಡಿಮೆಯಾದರೆ ಪಟದ ತುಂಬ ಕಾಳುಕಾಳು. ಫ್ಲ್ಯಾಶ್ ಮೂರು ಮೀಟರಿನಾಚೆ ಹೆಚ್ಚೇನೂ ತಲುಪದು. ಮುಂದೆ ಕೂತವಳ ಮುಖ ಬೆಳ್ಳಗೆ ಸುಟ್ಟಂತೆ, ಹಿಂದಿನವರು ಕತ್ತಲೆಯಲ್ಲಿ. ಫ್ಲ್ಯಾಶ್ ಇಲ್ಲದೆ ತೆಗೆದರೆ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ, ಸುಲಿಯುವ ಕೈಗಳು ಮಸುಕಾಗುತ್ತವೆ. ಒಂದರಲ್ಲಿ ಮೇಷ್ಟ್ರು ಮತ್ತು ಅವರ ಹೆಂಡತಿ ಇದ್ದರು. ಕ್ಯಾಮೆರಾ ಇಸಕೊಂಡು ಅದನ್ನು ತೆಗೆದವಳು ಸುಲಿಯಲು ಬಂದ ಹೆಂಗಸೇ. ಅವಳ ಹೆಬ್ಬೆರಳು ಮೂಲೆಯಲ್ಲಿ ಅಡ್ಡ ಬಂದಿತ್ತು. ಅದೂ ಹೋಯಿತು.

ಸಂಜೆ ಮೇಷ್ಟ್ರು ನೋಟ್‌ಬುಕ್ ಹಿಡಿದು ಬಂದು ಕೂತರು. ‘ಇನ್ನೂ ಹನ್ನೊಂದು ಜನಕ್ಕೆ ಪಟ ಕೊಡದು ಬಾಕಿ ಇತ್ತಲ್ಲೋ.’

‘ಅಪ್ಪಯ್ಯ, ಅವೆಲ್ಲ ಅಲುಗಾಡಿದ್ವು, ವೇಸ್ಟ್ ಆಗಿದ್ವು. ಬೇಕಿದ್ರೆ ನಾಳೆ ನನ್ನ ಫೋನಲ್ಲಿ ಚೆನ್ನಾಗಿ ತೆಗೆದುಕೊಡ್ತೀನಿ.’

‘ನಿಂಗೆ ಬೇಡದ್ದು ಅವ್ರಿಗೂ ಬೇಡ ಅಂತ ನಿಂಗೆ ಯಾರು ಹೇಳಿದ್ರು?’

ನಾಳೆ ತೆಗೆಯುವಂತೆಯೂ ಇರಲಿಲ್ಲ. ಸುಲಿತ ಮುಗಿಯುತ್ತ ಬಂದಿತ್ತು. ಒಬ್ಬಾಕೆ ಮಗಳ ಬಾಣಂತನಕ್ಕೆಂದು ಘಟ್ಟದ ಕೆಳಗೆ ಹೋಗಿದ್ದಳು, ಇನ್ನೊಬ್ಬಳು ನೆಂಟರ ಮನೆಗೆ ಬಂದವಳು ನಾಲ್ಕು ರಾತ್ರಿ ಕೂತು ಹೋದವಳು. ಮೇಷ್ಟ್ರು ಕ್ಯಾಮೆರಾವನ್ನು ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿದರು. ಅಷ್ಟರ ಮೇಲೆ ಅವರ ಬಾಯಿಂದ ಬಂದದ್ದು ಬೈಗುಳ: ಹಿರಿಯರ ವಸ್ತು ಮುಟ್ಟಿದೆ, ಕೇಳದೆ ಮುಟ್ಟಿದೆ, ಪೇಟೆಗೆ ಹೋಗಿ ಕೊಬ್ಬಿದೆ.

ಮಗನ ವಾದವನ್ನು ನಾನು ಹಗುರ ಮಾಡುವುದಿಲ್ಲ. ಪಟ ತೆಗೆದವರು ಅಪ್ಪಯ್ಯ, ಕ್ಯಾಮೆರಾ ಅಪ್ಪಯ್ಯನದು, ಜಾಗ ಮಾಡಿಕೊಡು ಎಂದವರೂ ಅವರೇ. ಆ ಹೆಂಗಸರು ಪಟ ತೆಗೀರಿ ಎಂದು ಕೇಳಿಕೊಂಡಿರಲಿಲ್ಲ. ಕೇಳದೆ ಕೊಡಬೇಕೆಂದುಕೊಂಡದ್ದು ಅಪ್ಪಯ್ಯನ ಒಳ್ಳೆಯತನ, ಒಳ್ಳೆಯತನ ನಿಂತರೆ ಅನ್ಯಾಯ ಹೇಗಾಗುತ್ತದೆ? ಹೀಗೆ ಕೇಳಿದಾಗ ತಕ್ಷಣ ಉತ್ತರಿಸುವುದು ಕಷ್ಟ.

ಆದರೂ ಉತ್ತರ ಇದೆ. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿ ಮತ್ತು ಮಕ್ಕಳ ಪಟ ತೆಗೆದರು. ಅಮೆರಿಕದ ಆ ಬರಗೆಟ್ಟ ಕಾಲದ ಗುರುತಾಗಿ ಅದು ಜಗತ್ತೆಲ್ಲ ಓಡಾಡಿತು. ಲ್ಯಾಂಗ್ ಸರ್ಕಾರಿ ಕೆಲಸದಲ್ಲಿದ್ದವರು, ಪಟ ಸರ್ಕಾರದ ಸ್ವತ್ತು. ಅದು ಅಚ್ಚಾದ ಮೇಲೆ ಸರ್ಕಾರ ಬಿಡಾರಕ್ಕೆ ಆಹಾರ ಕಳಿಸಿತು, ಅಷ್ಟರಲ್ಲಿ ಆ ಕುಟುಂಬ ಮುಂದಿನ ಊರಿಗೆ ಹೊರಟುಹೋಗಿತ್ತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜನಕ್ಕೆ ತಿಳಿದದ್ದು 1978ರಲ್ಲಿ. ಆಗ ಆಕೆ ಹೇಳಿಕೊಂಡ ದೂರು ಇದು: ಅವರು ನನ್ನ ಹೆಸರು ಕೇಳಲಿಲ್ಲ, ಒಂದು ಪ್ರತಿ ಕಳಿಸುತ್ತೇನೆಂದರು, ಕಳಿಸಲಿಲ್ಲ. 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ, ಮರುವರ್ಷ ನ್ಯಾಷನಲ್ ಜಿಯೋಗ್ರಫಿಕ್ ಪತ್ರಿಕೆಯ ಮುಖಪುಟಕ್ಕೆ ಬಂದ ಆಫ್ಘನ್ ಹುಡುಗಿ ಶರ್ಬತ್ ಗುಲಾ ತನ್ನ ಆ ಮುಖವನ್ನು ನೋಡಿದ್ದು 2002ರಲ್ಲಿ. ಜಗತ್ತು ಕಂಡ ಮೇಲೆ ಹದಿನೇಳು ವರ್ಷಕ್ಕೆ.

ಇಬ್ಬರೂ ಪಟ ಕೇಳಿರಲಿಲ್ಲ. ಅಷ್ಟರಿಂದ ಅವರ ಹಕ್ಕು ಇಲ್ಲವಾಯಿತು ಎಂದು ನಮ್ಮಲ್ಲಿ ಯಾರಾದರೂ ಒಪ್ಪುತ್ತಾರೆಯೇ? ಒಬ್ಬರ ಮುಖ ತೆಗೆದುಕೊಂಡವರು ಅವರ ಸಾಲಗಾರರು. ಕ್ಯಾಮೆರಾ ಎತ್ತಿದವರು ನಾವು, ನಿಂತು ಕೊಟ್ಟವರು ಅವರು. ಪ್ರಪಂಚದ ಪತ್ರಿಕೆಗೆ ತೆಗೆದರೂ ಅಷ್ಟೆ, ಊರಿನ ಅಂಗಳದಲ್ಲಿ ತೆಗೆದರೂ ಅಷ್ಟೆ. ಅಂಗಳದಲ್ಲಂತೂ ತೀರಿಸುವುದು ಸುಲಭ, ಎರಡು ಮನೆ ಆಚೆ ಹೋದರಾಯಿತು. ಮೇಷ್ಟ್ರ ನೋಟ್‌ಬುಕ್ ಬಾಕಿಯ ಪಟ್ಟಿ ಎಂದು ಮಗನಿಗೆ ಹೊಳೆಯಲಿಲ್ಲ. ಕಾರ್ಡ್ ಫಾರ್ಮ್ಯಾಟ್ ಮಾಡಿದ್ದು ತಪ್ಪಲ್ಲ, ಎಂದಾದರೂ ಅದನ್ನು ಖಾಲಿ ಮಾಡಲೇಬೇಕಿತ್ತು. ಪಟವನ್ನಷ್ಟೇ ನೋಡಿ, ಅದು ಯಾರದೆಂದು ನೋಡದೆ ‘ವೇಸ್ಟ್’ ಎಂದದ್ದು ತಪ್ಪು. ಮುಖ ಬೆಳ್ಳಗಾದ ಪಟವೂ ಅದೊಂದೇ ಪಟ ಇರುವವಳಿಗೆ ಅವಳ ಮುಖವೇ. ಬೇಡ ಎನ್ನುವ ಅಧಿಕಾರ ಅವಳದು, ಸೆರಗು ಜಾರಿದ್ದಕ್ಕೆ ಅಳಿಸಿ ಎಂದವಳಂತೆ.

ಇಲ್ಲಿ ಮೇಷ್ಟ್ರನ್ನೂ ಒಂದು ಮಾತು ಕೇಳಬೇಕು, ನಾನು ಕೇಳಿದ್ದೇನೆ. ಕೂಲಿಗೆ ಬಂದವರು ತೋಟದ ಯಜಮಾನರ ಕ್ಯಾಮೆರಾಕ್ಕೆ ಬೇಡ ಎನ್ನಬಲ್ಲರೇ? ನಕ್ಕು ತಲೆ ತಗ್ಗಿಸಿದ್ದನ್ನು ಒಪ್ಪಿಗೆ ಎನ್ನಲಾದೀತೇ? ಅವರು ಬಹಳ ಹೊತ್ತು ಸುಮ್ಮನಿದ್ದು, ‘ಅದಕ್ಕೇ ತೋರಿಸೋದು’ ಎಂದರು. ಸಾಕಾಗುವ ಉತ್ತರ ಅಲ್ಲ. ಕೂಲಿ ಕೊಡುವವನ ಕೈಯಲ್ಲಿರುವ ಪರದೆಗೂ ಬೇಡ ಎನ್ನಲು ಧೈರ್ಯ ಬೇಕು. ಆದರೆ ಬೇಡ ಎಂದವರ ಪಟ ಅವರೆದುರೇ ಅಳಿದದ್ದನ್ನು ಉಳಿದವರು ನೋಡಿದ್ದರು. ಕ್ಯಾಮೆರಾ ಅವರ ಕೈಗೂ ಹೋಗುತ್ತಿತ್ತು. ಅಷ್ಟರ ಮಟ್ಟಿಗೆ ಅವರ ಮಾತನ್ನು ನಾನು ಒಪ್ಪುತ್ತೇನೆ.

ಮೇಷ್ಟ್ರು ಸಿಟ್ಟಿನಲ್ಲಿ ಕ್ಯಾಮೆರಾ ಮುಟ್ಟದೆ ಇಟ್ಟದ್ದು ಒಳ್ಳೆಯದಾಯಿತು. ಸಾಮಾನ್ಯ ಫಾರ್ಮ್ಯಾಟಿನಲ್ಲಿ ಅಳಿಯುವುದು ಯಾವ ಪಟ ಎಲ್ಲಿದೆ ಎಂಬ ಸೂಚಿ ಮಾತ್ರ. ಹೊಸ ಪಟ ಮೇಲೆ ಬಂದು ಕೂರುವ ತನಕ ಹಳೆಯದು ಕಾರ್ಡಿನಲ್ಲೇ ಇರುತ್ತದೆ. ಯುಗಾದಿಗೆ ಬಂದ ಮಗ ಕಾರ್ಡ್ ಕೇಳಿದ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಆದಿಯಿಂದ ಅಂತ್ಯದವರೆಗೆ ಓದಿ, ಪಟವೊಂದು ಎಲ್ಲಿ ಶುರುವಾಗುತ್ತದೆಂಬ ಗುರುತು ಹುಡುಕಿ ಹೊರತೆಗೆಯುತ್ತದೆ. ಬಹುಪಾಲು ಬಂದವು. ಆದರೆ ಹೀಗೆ ಬಂದವಕ್ಕೆ ಹಳೆಯ ನಂಬರು ಇರುವುದಿಲ್ಲ, ನೋಟ್‌ಬುಕ್ಕಿಗೂ ಪಟಕ್ಕೂ ತಾಳೆ ತಪ್ಪಿತು. ಪಟದೊಳಗೆ ದಾಖಲಾಗುವ ತಾರೀಖೂ ಕೆಲಸಕ್ಕೆ ಬರಲಿಲ್ಲ. ಮಳೆಗಾಲವಿಡೀ ಸೆಲ್ ಇಲ್ಲದೆ ಕ್ಯಾಮೆರಾದ ಗಡಿಯಾರ ಮೊದಲಿಗೆ ಮರಳಿತ್ತು, ಮೇಷ್ಟ್ರು ಸರಿಮಾಡಿರಲಿಲ್ಲ. ಕೆಲವು ಪಟಗಳ ಕೆಳಭಾಗ ಬರೀ ಬೂದು ಬಣ್ಣ. ನಡುನಡುವೆ ಅಳಿಸಿದಾಗ ಉಂಟಾದ ಖಾಲಿ ಜಾಗದಲ್ಲಿ ಹೊಸ ಪಟ ತುಂಡಾಗಿ ಕೂತಿದ್ದರೆ ಹೀಗಾಗುತ್ತದೆ. ಅಪ್ಪ ಮಗ ಒಟ್ಟಿಗೆ ಕೂತು, ಮುಖ ನೋಡಿ ಅಪ್ಪ ಹೆಸರು ಹೇಳಿ, ಮಗ ಬರೆದುಕೊಂಡ. ಪ್ರಿಂಟುಗಳನ್ನು ಹಂಚಲು ಮೇಷ್ಟ್ರು ಅವನನ್ನೇ ಕಳಿಸಿದರು. ಬಾಕಿ ಹನ್ನೊಂದರಲ್ಲಿ ಒಂಬತ್ತು ಜನಕ್ಕೆ ಪಟ ಮುಟ್ಟಿತು.

ಉಳಿದ ಇಬ್ಬರ ವಿಷಯದಲ್ಲಿ ತಪ್ಪು ಮೇಷ್ಟ್ರದೂ ಹೌದು. ದೀಪಾವಳಿಯಿಂದ ಸಂಕ್ರಾಂತಿವರೆಗೆ ಬಾಕಿ ಇಟ್ಟುಕೊಂಡರು, ಇನ್ನೊಂದು ಪ್ರತಿ ಎಲ್ಲೂ ಇಡಲಿಲ್ಲ. ಇನ್ನೊಬ್ಬರ ವಸ್ತು ನಮ್ಮಲ್ಲಿದ್ದಾಗ ಅಷ್ಟು ಎಚ್ಚರ ಸಾಲದು.

ಫೋನು ಬಂದು ಈ ಬಾಕಿ ತೀರಿತು ಎಂದು ಹಲವರು ತಿಳಿದಿದ್ದಾರೆ. ತೆಗೆದ ಕ್ಷಣದಲ್ಲೇ ಕಳಿಸಬಹುದು, ನಿಜ. ಆದರೆ ಪಟ ಹೋಗುವುದು ಯಾರಿಗೆ? ನಮ್ಮ ನೆಂಟರ ಗುಂಪಿಗೆ, ನಮ್ಮ ಸ್ಟೇಟಸ್ಸಿಗೆ. ಗದ್ದೆಯಲ್ಲಿ ನಿಂತ ಮುದುಕನ ಪಟವನ್ನು ಸಂಜೆಯೊಳಗೆ ಇನ್ನೂರು ಜನ ನೋಡಿರುತ್ತಾರೆ, ಆತ ನೋಡಿರುವುದಿಲ್ಲ. ನೋಡಿದರೂ ಅವನ ಮನೆಯಲ್ಲಿ ಅದು ಉಳಿಯುವುದಿಲ್ಲ.

ನಿಮ್ಮ ಕಪಾಟಿನಲ್ಲೂ ಇಂಥದೊಂದು ಕ್ಯಾಮೆರಾ ಇರಬಹುದು. ಒಳಗೆ ಸೆಲ್ ಇದ್ದರೆ ಸೋರಿ ಹಾಳುಮಾಡುವ ಮುಂಚೆ ಇವತ್ತೇ ತೆಗೆಯಿರಿ. ಕಾರ್ಡನ್ನು ಹೊರಗೆಳೆದು, ಇನ್ನೊಂದು ಪ್ರತಿ ಮಾಡಿಕೊಂಡು, ನಿಧಾನವಾಗಿ ನೋಡಿ. ನಿಮ್ಮ ಮನೆಯವರಲ್ಲದ ಮುಖಗಳು ಅದರಲ್ಲಿ ಇದ್ದೇ ಇರುತ್ತವೆ: ಮನೆಕೆಲಸಕ್ಕೆ ಬರುತ್ತಿದ್ದವರು, ಮದುವೆಯಲ್ಲಿ ಬಡಿಸಿದ ಹುಡುಗ, ಪಕ್ಕದ ಮನೆಯ ಅಜ್ಜಿ. ಅವರು ಎಲ್ಲಿದ್ದಾರೆಂದು ವಿಚಾರಿಸಿ. ಒಂದು ಪ್ರಿಂಟಿಗೆ ಹತ್ತಿಪ್ಪತ್ತು ರೂಪಾಯಿ ಆಗುತ್ತದೆ. ಹಾಕಿಸಿ, ನೀವೇ ಹೋಗಿ ಕೊಟ್ಟು ಬನ್ನಿ.