ರೋಗದ ಮೂಲ, ನದಿಯ ಮೂಲ

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಮೊದಲು ಜೋಗುಳಬಾವಿಯಲ್ಲಿ ಮೈ ತೊಳೆಯುತ್ತಾರೆ. ಗಂಡ ಜಮದಗ್ನಿಯ ಶಾಪದಿಂದ ಮೈಯೆಲ್ಲ ಹುಣ್ಣಾದ ರೇಣುಕೆ, ಅಂದರೆ ಎಲ್ಲಮ್ಮ, ಅಲ್ಲಿ ಮಿಂದು ವಾಸಿಯಾದಳಂತೆ. ಕಥೆಯಲ್ಲಿ ರೋಗವಿದ್ದದ್ದು ಚರ್ಮದ ಮೇಲೆ. ಕಾರಣ ಮಾತ್ರ ಬೇರೆಲ್ಲೋ: ಹೊಳೆಯಲ್ಲಿ ಕಂಡ ಒಂದು ನೋಟದಲ್ಲಿ, ನಿಲ್ಲದೇ ಹೋದ ಮರಳಿನ ಕೊಡದಲ್ಲಿ, ಗಂಡನ ಸಿಟ್ಟಿನಲ್ಲಿ.

ಋಷಿಮೂಲ, ನದೀಮೂಲ ಕೇಳಬಾರದು ಅಂತಾರೆ. ಮಲಪ್ರಭೆಯ ಮೂಲವೇನೋ ಗೊತ್ತಿದೆ, ಖಾನಾಪುರ ತಾಲ್ಲೂಕಿನ ಕಣಕುಂಬಿ. ಆದರೆ ರಾಮದುರ್ಗ ಮುಟ್ಟುವ ನೀರೆಲ್ಲ ಕಣಕುಂಬಿಯದೇ ಏನು? ರೋಗದ ಮೂಲ ಇಂಥದ್ದು ಎಂದು ಯಾರಾದರೂ ಬೆರಳು ತೋರಿದಾಗ ನನಗೆ ಈ ಅನುಮಾನ ಏಳುತ್ತದೆ.

ಪಾರ್ವೊ ಎಂದರೆ ನಮ್ಮ ಕಡೆ ನಾಯಿ ಸಾಕಿದವರಿಗೆ ಗೊತ್ತು. ಮುಧೋಳ ತಳಿಯ ಮರಿ ರಕ್ತ ಭೇದಿಯಾಗಿ ಎರಡೇ ದಿನದಲ್ಲಿ ಒಣಗಿ ಹೋಗುವುದನ್ನು ಕಂಡವರು ಆ ಹೆಸರು ಮರೆಯುವುದಿಲ್ಲ. ಅದು ಮನುಷ್ಯರಿಗೆ ತಗಲುವುದಿಲ್ಲ. ನಮಗೆ ತಗಲುವ ಪಾರ್ವೊ ವೈರಸ್ ಬೇರೆ, ಹೆಸರು ಬಿ19. 1975ರಲ್ಲಿ ಲಂಡನ್ನಿನಲ್ಲಿ ಇವೊನ್ ಕೊಸಾರ್ಟ್ ಎಂಬ ವಿಜ್ಞಾನಿ ಹೆಪಟೈಟಿಸ್ ಬಿ ಪತ್ತೆಗೆಂದು ರಕ್ತ ಪರೀಕ್ಷಿಸುವಾಗ ಬಿ ಎಂದು ಗುರುತಿಸಿದ ಮಾದರಿಗಳ ಪೈಕಿ 19ನೆಯದರಲ್ಲಿ ಸಿಕ್ಕಿತ್ತು. ಅದರಿಂದ ಯಾವ ರೋಗ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಕಾರಣ ಮೊದಲು ಸಿಕ್ಕಿತು, ರೋಗ ಆಮೇಲೆ! 1981ರಲ್ಲಿ, ಹುಟ್ಟಿನಿಂದಲೇ ಸಿಕಲ್ ಸೆಲ್ ಎಂಬ ರಕ್ತದ ರೋಗವಿದ್ದ ಮಕ್ಕಳ ರಕ್ತ ಇದ್ದಕ್ಕಿದ್ದಂತೆ ಕುಸಿಯುವುದರ ಹಿಂದೆ ಇದೇ ವೈರಸ್ ಕಂಡಿತು.

ಹೆಚ್ಚಿನ ಮಕ್ಕಳಿಗೆ ಇದು ಸಣ್ಣ ಜ್ವರ. ಜ್ವರ ಬಿಟ್ಟ ಮೇಲೆ ಕಪಾಳಕ್ಕೆ ಬಾರಿಸಿದ ಹಾಗೆ ಕೆನ್ನೆ ಕೆಂಪಾಗುತ್ತದೆ, ತೋಳಿನ ಮೇಲೆ ಕಸೂತಿ ಬಿಡಿಸಿದಂಥ ಗೆರೆಗಳು. ಪುಸ್ತಕ ವರ್ಣಿಸುವುದು ಬಿಳಿಯ ಕೆನ್ನೆಯನ್ನು. ಬೈಲಹೊಂಗಲದ ಬಿಸಿಲಿನಲ್ಲಿ ಆಡಿ ಬಂದ ಕಪ್ಪು ಹುಡುಗನ ಮುಖದಲ್ಲಿ ಆ ಕೆಂಪು ಎಲ್ಲಿ ಕಂಡೀತು? ಕಂಡರೂ ‘ಉಷ್ಣ ಆಗೈತಿ’ ಎಂದು ಅಜ್ಜಿ ಮಜ್ಜಿಗೆ ಕುಡಿಸುತ್ತಾಳೆ. ಆ ಹೊತ್ತಿಗೆ ವೈರಸ್ಸಿನ ಆಟ ಬಹುತೇಕ ಮುಗಿದಿರುತ್ತದೆ. ಕೆನ್ನೆಯ ಕೆಂಪು ಅದರೊಡನೆ ಕಾದಿದ ನಮ್ಮದೇ ಮೈಯ ಗುರುತು. ದೊಡ್ಡವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಕೈಬೆರಳು, ಮೊಣಕಾಲು ಹಿಡಿದುಕೊಳ್ಳುತ್ತವೆ. 2006ರಲ್ಲಿ ರಾಜ್ಯದ ಲಕ್ಷಾಂತರ ಜನ ಚಿಕೂನ್‌ಗುನ್ಯಾದಿಂದ ನರಳಿದ ಮೇಲೆ ನಮ್ಮಲ್ಲಿ ಕೀಲುನೋವಿಗೆಲ್ಲ ಅದೊಂದೇ ಹೆಸರು.

ಈ ವೈರಸ್ ಬೆಳೆಯುವುದು ಎಲುಬಿನ ಮಜ್ಜೆಯಲ್ಲಿ, ಕೆಂಪು ಕಣ ತಯಾರಾಗುವಲ್ಲಿ. ವಾರ, ಹತ್ತು ದಿನ ಅಲ್ಲಿ ಕೆಲಸ ಬಂದ್. ನವಿಲುತೀರ್ಥ ಅಣೆಕಟ್ಟು ನೋಡಿದವರಿಗೆ ಇದು ಸುಲಭಕ್ಕೆ ತಿಳಿದೀತು. ಅಣೆ ತುಂಬಿದ್ದರೆ ಹತ್ತು ದಿನ ಒಳಹರಿವು ನಿಂತರೂ ಕಾಲುವೆ ಬತ್ತುವುದಿಲ್ಲ. ಒಳ್ಳೆಯ ಕೆಂಪು ಕಣ ಸುಮಾರು 120 ದಿನ ಬಾಳುವುದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಸಿಕಲ್ ಸೆಲ್ ಇರುವ ಮಗುವಿನ ಕಣ ಬಾಳುವುದೇ ಹತ್ತಿಪ್ಪತ್ತು ದಿನ. ಅಲ್ಲಿ ಒಳಹರಿವು ನಿಂತರೆ ತಳದ ಕೆಸರು ಕಾಣುತ್ತದೆ. ತುಟಿ ಬಿಳಿಚಿ, ನಾಲ್ಕು ಹೆಜ್ಜೆಗೆ ಏದುಸಿರು. ಬೇಗ ರಕ್ತ ಕೊಟ್ಟರೆ ಮಗು ಉಳಿಯುತ್ತದೆ, ಮಜ್ಜೆ ಮತ್ತೆ ಕೆಲಸಕ್ಕೆ ಹತ್ತುತ್ತದೆ.

ಹಾಗಾದರೆ ಮೂಲ ಯಾವುದು? ಉಸಿರಿನಲ್ಲಿ ಬಂದ ವೈರಸ್ಸೇ? ಅದು ಪಕ್ಕದ ಮನೆಯ ಹುಡುಗನಿಗೂ ಬಂದಿತ್ತು, ಅವನು ಗೋಲಿ ಆಡುತ್ತಿದ್ದಾನೆ. ತಂದೆತಾಯಿ ಇಬ್ಬರಿಂದಲೂ ಬಂದ ರಕ್ತದ ದೋಷವೇ? ಅಥವಾ ಹೊಲ ಹೊರಗೆ ಹೋಗಬಾರದೆಂದು ಅಕ್ಕನ ಮಗಳನ್ನೇ ತಂದುಕೊಳ್ಳುವ, ಅಂಥ ದೋಷ ಎರಡು ಕಡೆಯಿಂದಲೂ ಕೂಡಲು ದಾರಿಯಾಗುವ ನಮ್ಮ ಸೋದರ ಸಂಬಂಧವೇ? ಒಂದನ್ನು ಹಿಡಿದರೆ ಇನ್ನೊಂದು ಅದರ ಹಿಂದೆ ನಿಂತಿರುತ್ತದೆ. ವೈರಸ್ ಸುಳ್ಳಲ್ಲ, ಆದರೆ ಒಂಟಿಯಾಗಿ ಅದು ಏನನ್ನೂ ಮಾಡಿದ್ದಲ್ಲ.

ಇಷ್ಟರವರೆಗೆ ಮೂಲ ಕೇಳುವುದೇ ಸರಿ ಎನಿಸುತ್ತದೆ. ನಾನು ಹಿಂಜರಿಯುವುದು ಒಂದೇ ಕಡೆ. ಬಸುರಿಗೆ ಸೋಂಕಾದರೆ ಹೆಚ್ಚಿನವರು ಸುಖವಾಗಿ ಹೆರುತ್ತಾರೆ. ಎಲ್ಲೋ ಕೆಲವರಲ್ಲಿ ಹೊಟ್ಟೆಯೊಳಗಿನ ಕೂಸಿಗೆ ರಕ್ತ ಸಾಲದೆ, ಮೈಯಲ್ಲಿ ನೀರು ತುಂಬಿ, ಅದು ಉಳಿಯುವುದಿಲ್ಲ. ಮನೆಯವರು ಗ್ರಹಣ, ಹೊಸ್ತಿಲು, ಮಾಡಿದ ಪಾಪ ಎಲ್ಲವನ್ನೂ ಎಣಿಸುತ್ತಾರೆ. ಎಣಿಕೆ ಮುಗಿಯುವುದು ಅವಳ ಮೇಲೇ. ಹೊಳೆಯಲ್ಲಿ ಏನೋ ಕಣ್ಣಿಗೆ ಬಿದ್ದುದಕ್ಕೆ ರೇಣುಕೆ ಶಾಪ ಉಂಡಳು. ಈ ತಾಯಿ ಮಾಡಿದ್ದಾದರೂ ಏನು? ಕೆಲವು ವಾರಗಳ ಹಿಂದೆ, ಜ್ವರ ಬಂದ ಹಿರಿಮಗನನ್ನು ರಾತ್ರಿಯಿಡೀ ಎದೆಗವಚಿಕೊಂಡು ಮಲಗಿದ್ದಳು. ಗ್ರಹಣದ ದೋಷ ತೆಗೆಯಲು ಇದನ್ನು ಅವಳಿಗೆ ಹೇಳಬೇಕು. ಹೇಳಿದ ಮೇಲೆ ಮನೆಗೆ ಹೋಗಿ ಅವಳು ಆ ಹುಡುಗನ ಮುಖ ನೋಡಬೇಕು.