ಭಾಷೆ ಕೊಡದ ಸಂಕಮ್ಮ

ಪ್ರಾಜೆಕ್ಟಿಗೆ ಪುರಾಣದ ಒಂದು ಪಾತ್ರ ಆರಿಸಬೇಕಂತೆ. ಗುಂಡ್ಲುಪೇಟೆಯಲ್ಲಿರೋ ಅಕ್ಕನ ಮಗಳು ಸೀತೆ ಬಗ್ಗೆ ಬರೀತೀನಿ ಅಂದ್ಲು. ಸಂಕಮ್ಮನ ಬಗ್ಗೆ ಬರಿ ಅಂದೆ. 'ಅದು ಜಾನಪದ ಅಲ್ವಾ ಮಾವ?'

ಇರಲಿ. ಚಾಮರಾಜನಗರ ಸೀಮೆಯಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆ ಮಾದಪ್ಪನ ಕಥೆಯಲ್ಲಿ ಅವಳದ್ದೇ ಒಂದು ಸಾಲು ಇದೆ. ಬೇಟೆಗೆ ಹೊರಟ ಗಂಡ ನೀಲೇಗೌಡ, ಪತಿವ್ರತೆಯಾಗಿರ್ತೀನಿ ಅಂತ ಭಾಷೆ ಕೊಡು ಅಂತಾನೆ. ಕೊಡಲ್ಲ. ಹಿಂಸೆ ಕೊಟ್ಟರೂ ಕೊಡಲ್ಲ.

ಸೀತೆ ಬೆಂಕಿಗಿಳಿದು ಉತ್ತರ ಕೊಟ್ಟಳು (ಎರಡನೇ ಸಲ ಕೇಳಿದಾಗ ಅವಳೂ ಭೂಮಿಗಿಳಿದಳು ಅನ್ನಿ). ಸಂಕಮ್ಮ ಮೊದಲನೇ ಸಲಕ್ಕೇ ಆ ಪ್ರಶ್ನೆಯನ್ನು ಒಪ್ಪಲಿಲ್ಲ. ಕೆಲಸ ಮಾಡ್ತಿದೀನಿ ಅಂತ ತೋರಿಸೋಕೆ, ಸ್ಕ್ರೀನಿನ ಹಸಿರು ಚುಕ್ಕೆ ಆರದಂತೆ ಮೌಸ್ ಅಲ್ಲಾಡಿಸೋ ನಾವು ದಿನಾ ಭಾಷೆ ಕೊಡ್ತಾನೇ ಇದೀವಿ. ಮಾದಪ್ಪ ಒಲಿದದ್ದು ಸಂಕಮ್ಮನಿಗೆ. ಕಾರಯ್ಯ, ಬಿಲ್ಲಯ್ಯ ಹುಟ್ಟಿದ್ದು ಆಮೇಲೆ.