ಅಂಕವೂ ಆರೈಕೆಯೂ

ಒಬ್ಬರ ಯೋಗ್ಯತೆಯನ್ನು ಮುಂಚಿತವಾಗಿ ಅಳೆಯಬಹುದೇ ಎಂಬುದು ಪುರಾತನ ಪ್ರಶ್ನೆ. ನಮ್ಮ ರಾಜ್ಯದಲ್ಲಿ 2023ರಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಪ್ರವೇಶವು ಸಾಮಾನ್ಯ ಪ್ರವೇಶ ಪರೀಕ್ಷೆಯ ವ್ಯಾಪ್ತಿಗೆ ಬಂದ ಮೇಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಅನೇಕ ಮನೆಗಳಿಗೆ ಇದು ಬದುಕಿನ ಪ್ರಶ್ನೆಯೇ ಆಗಿದೆ. ವಿಷಯವೊಂದಕ್ಕೆ 60 ಪ್ರಶ್ನೆಗಳು, 80 ನಿಮಿಷಗಳು. ಇಷ್ಟರಲ್ಲಿ ಉತ್ತಮ ಶುಶ್ರೂಷಕಿಯನ್ನು ಗುರುತಿಸಲು ಸಾಧ್ಯವೇ?

ಪರೀಕ್ಷೆಯನ್ನು ಹಗುರವಾಗಿ ಕಾಣುವುದು ಸಲ್ಲದು. ಔಷಧದ ಲೆಕ್ಕದಲ್ಲಿ ದಶಾಂಶ ಬಿಂದು ಒಂದು ಸ್ಥಾನ ಸರಿದರೆ ರೋಗಿಯ ದೇಹಕ್ಕೆ ಹತ್ತುಪಟ್ಟು ಮದ್ದು ಸೇರೀತು. ಜ್ಞಾನವಿಲ್ಲದ ದಯೆಯೂ ಹಿಂಸೆಯಲ್ಲಿ ಪರಿಣಮಿಸಬಹುದು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುವಲ್ಲಿ ಶಿಫಾರಸಿಗೆ ಎಡೆಯೂ ಕಡಿಮೆ. ಅಮೆರಿಕದ ನರ್ಸಿಂಗ್ ಶಾಲೆಗಳಲ್ಲಿ ನಡೆದ ಅಧ್ಯಯನಗಳು ಪ್ರವೇಶ ಪರೀಕ್ಷೆಯ ಅಂಕಗಳಿಗೂ ಮುಂದಿನ ಲಿಖಿತ ಪರೀಕ್ಷೆಗಳ ಫಲಕ್ಕೂ ಸಂಬಂಧವಿರುವುದನ್ನು ತೋರಿಸಿವೆ. ಆದರೆ ಬರೆದು ಗೆದ್ದವರು ಮತ್ತೆ ಬರೆದು ಗೆಲ್ಲುವುದು ಸಹಜವಷ್ಟೆ. ರೋಗಿಯ ಹಾಸಿಗೆಯ ಬಳಿ ಅವರು ಹೇಗೆ ನಡೆದುಕೊಳ್ಳುವರೆಂಬುದು ಬೇರೆಯೇ ಮಾತು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ನೈಟಿಂಗೇಲ್ ಶಾಲೆಯು ಇದನ್ನು ಅರಿತಿತ್ತು. ಅಲ್ಲಿ ಕಲಿಯುವವರ ಸಮಯಪಾಲನೆ, ಶಾಂತತೆ, ವಿಶ್ವಾಸಾರ್ಹತೆ, ಶುಚಿತ್ವಗಳನ್ನು ವಾರ್ಡಿನಲ್ಲಿಯೇ ಗಮನಿಸಿ ತಿಂಗಳು ತಿಂಗಳೂ ದಾಖಲಿಸುತ್ತಿದ್ದರು. ರೋಗಿಯ ಸೇವೆಯನ್ನು ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ನಮ್ಮ ಪರಂಪರೆಯಲ್ಲಿ ಉದ್ದಾಯನ ಮಹಾರಾಜನ ಕಥೆಯಿದೆ. ವ್ಯಾಧಿಗ್ರಸ್ತ ಮುನಿಯ ವೇಷದಲ್ಲಿ ಬಂದ ದೇವನು ವಾಂತಿ ಮಾಡಿಕೊಂಡಾಗ ರಾಜನು ಅಸಹ್ಯಪಡದೆ ಶುಶ್ರೂಷೆ ಮಾಡಿದನು. ಅದೂ ಪರೀಕ್ಷೆಯೇ, ಆದರೆ ಸೇವೆಯ ನಡುವೆಯೇ ನಡೆದ ಪರೀಕ್ಷೆ.

ಇನ್ನೊಂದು ಸಂಗತಿಯೂ ವಿಚಾರಾರ್ಹ. ಪ್ರವೇಶ ಪಡೆದವರು ಏನಾದರೆಂಬುದನ್ನು ನಾವು ಕಾಣುತ್ತೇವೆ; ಹೊರಗುಳಿದವರು ಏನಾಗುತ್ತಿದ್ದರೆಂಬುದನ್ನು ಯಾರೂ ಕಾಣರು. ರಾಮದುರ್ಗದ ಹಳ್ಳಿಯೊಂದರಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ವರ್ಷಗಟ್ಟಲೆ ನೋಡಿಕೊಂಡ ಹುಡುಗಿಗೂ, ಧಾರವಾಡದಲ್ಲಿ ತರಬೇತಿ ಪಡೆದವಳಿಗೂ ಪ್ರಶ್ನೆಗಳು ಒಂದೇ, ಸಿದ್ಧತೆ ಒಂದೇ ಅಲ್ಲ. ಮೊದಲಿನವಳ ಕಡಿಮೆ ಅಂಕ ಅವಳ ಬುದ್ಧಿಯನ್ನು ಹೇಳುತ್ತದೆಯೋ, ಅವಳಿಗೆ ದೊರೆಯದ ಅನುಕೂಲವನ್ನು ಹೇಳುತ್ತದೆಯೋ?

ಹಾಗೆಂದು ಅಂಕವನ್ನು ಬಿಟ್ಟು ಸಂದರ್ಶನವೊಂದನ್ನೇ ನೆಚ್ಚಿದರೆ ಪಕ್ಷಪಾತ ಮತ್ತೆ ತಲೆಯೆತ್ತೀತು. ಅಂಕವು ಒಂದು ನಯ ಮಾತ್ರ. ಅದನ್ನೇ ಪೂರ್ಣ ಸತ್ಯವೆಂದು ಹಿಡಿಯುವುದು ಏಕಾಂತವಾದವಾಗುತ್ತದೆ. ಪರೀಕ್ಷೆ ಇರಲಿ. ಹಳ್ಳಿಯ ಮಕ್ಕಳಿಗೆ ಅದರ ಸಿದ್ಧತೆಯ ಅವಕಾಶ ಒದಗಿಸುವುದು ಸಮಾಜದ ಹೊಣೆ. ಸೇರಿದವರನ್ನು ವಾರ್ಡಿನಲ್ಲಿ ಕಂಡು ತಿದ್ದುವುದು ಗುರುಗಳ ಹೊಣೆ. ನರಳುವ ರೋಗಿ ನೀರು ಕೇಳಿದಾಗ ಬಳಿಗೆ ಬಂದವಳ ರ‍್ಯಾಂಕ್ ಎಷ್ಟೆಂದು ವಿಚಾರಿಸುವುದಿಲ್ಲ.